ಸ್ಪ್ರಿಂಗ್ ಏರ್ ರೈಫಲ್‌ಗೆ ಸ್ಕೋಪ್ ಹಾಕಿಸುವವರೇ, ಅಂಗಡಿಯವರ ಮಾತನ್ನು ನಂಬಿ ಹೊರಡಬೇಡಿ

ಮೈಸೂರಿನ ಕೆಲವು ಅಂಗಡಿಗಳಲ್ಲಿ ಏರ್ ರೈಫಲ್ ಕೊಂಡರೆ ಜೊತೆಗೆ ಒಂದು ಸ್ಕೋಪನ್ನೂ (ಗುರಿಯಿಡಲು ರೈಫಲ್ ಮೇಲೆ ಕೂರಿಸುವ ದುರ್ಬೀನು) ತಲೆಗೆ ಕಟ್ಟಿ ಕಳುಹಿಸುತ್ತಾರೆ. "ಸರ್, ಇದು ನಿಜವಾದ ರೈಫಲ್‌ಗೆ ಹಾಕುವ ಸ್ಕೋಪ್. ಅಷ್ಟು ದೊಡ್ಡ ತೋಟೆಯ ಒದೆತವನ್ನೇ ತಡೆದುಕೊಳ್ಳುತ್ತದೆ, ನಿಮ್ಮ ಏರ್‌ಗನ್ ಯಾವ ಲೆಕ್ಕ?" ಎನ್ನುತ್ತಾರೆ. ಕೇಳುವವರಿಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತಿ ಗುಂಡು ಹಾರಿಸುವ ಸ್ಪ್ರಿಂಗ್ ಏರ್ ರೈಫಲ್ ವಿಷಯದಲ್ಲಿ ಈ ಮಾತು ಪೂರ್ತಿ ತಲೆಕೆಳಗು. ಮಂಡ್ಯದಲ್ಲಿರುವ ನನ್ನ ಭಾವ ಈ ಮಾತಿಗೆ ಹಣ ತೆತ್ತರು. ಅಂಗಡಿಯ ಹೆಸರು ಹೇಳುವುದಿಲ್ಲ, ಏಕೆಂದರೆ ಇದು ಒಂದೇ ಅಂಗಡಿಯ ರೋಗವಲ್ಲ.

ಮೊದಲೇ ಒಂದು ಮಾತು. ಇಲ್ಲಿ ಬೇಟೆಯ ಪ್ರಸ್ತಾಪ ಇಲ್ಲ. ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ಬೇಟೆಯಾಡಿ ತಂದ ಹುಲಿಗಳ ಚರ್ಮವನ್ನು ಜೀವಂತ ಹುಲಿಯಂತೆ ಕಾಣುವ ಹಾಗೆ ಸಿದ್ಧಮಾಡುತ್ತಿದ್ದ ಮೈಸೂರಿನ ಕಾಲ ಮುಗಿದುಹೋಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಕಾಡುಪ್ರಾಣಿಯನ್ನು ಏರ್‌ಗನ್‌ನಿಂದ ಹೊಡೆದರೂ ಅದು ಬೇಟೆಯೇ, ಅಪರಾಧವೇ. ನಾನು ಹೇಳುತ್ತಿರುವುದು ಕಾಗದದ ಟಾರ್ಗೆಟ್, ತೂಗುಹಾಕಿದ ಮೊಟ್ಟೆ ಇಂಥವುಗಳಿಗೆ ಗುರಿಯಿಡುವ ಹವ್ಯಾಸಿಗಳ ಪಾಡು.

ಕೊಡಗಿನಲ್ಲಿ ಸೆಪ್ಟೆಂಬರ್ ಎಂದರೆ ಕೈಲ್‌ಪೊಳ್ದ್ ಹಬ್ಬದ ತಿಂಗಳು. ಕೋವಿಗೆ ಪೂಜೆಯಾದ ಮೇಲೆ ಊರೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಭಾವನ ಗೆಳೆಯರೊಬ್ಬರ ಕಾಫಿ ತೋಟದಲ್ಲಿ ಅದರದೇ ಒಂದು ಮರಿ ಪಂದ್ಯ: ಇಪ್ಪತ್ತೈದು ಮೀಟರ್ ದೂರದಲ್ಲಿ ಮೊಟ್ಟೆ, ಏರ್ ರೈಫಲ್, ಗೆದ್ದವರಿಗೆ ಊಟದಲ್ಲಿ ಮೊದಲ ಪಂಕ್ತಿ. ಇದಕ್ಕಾಗಿಯೇ ಭಾವ ನಳಿಕೆ ಮಡಚಿ ಪೆಲೆಟ್ (ಏರ್‌ಗನ್ನಿನ ಪುಟ್ಟ ಗುಂಡು) ತುಂಬುವ ಹೊಸ ಸ್ಪ್ರಿಂಗ್ ರೈಫಲ್ ಕೊಂಡರು. ಅಂಗಡಿಯ ಹುಡುಗ ಸ್ಕೋಪ್ ಕೂರಿಸಿದ, ಅದನ್ನು ಹಿಡಿದಿಡುವ ರಿಂಗ್‌ಗಳ ಸ್ಕ್ರೂಗಳನ್ನು ಮೈಯ ಭಾರವನ್ನೆಲ್ಲ ಹಾಕಿ ಬಿಗಿದ, ನಳಿಕೆಯ ಬಾಯಿಗೆ ಒಂದು ಲೇಸರ್ ಕಡ್ಡಿ ಸಿಕ್ಕಿಸಿ ಎದುರು ಗೋಡೆಯ ಕೆಂಪು ಚುಕ್ಕಿಗೆ ಸ್ಕೋಪಿನೊಳಗೆ ಕಾಣುವ ಅಡ್ಡಗೆರೆಯನ್ನು ಹೊಂದಿಸಿದ. "ಝೀರೋ ಆಯಿತು ಸರ್, ನೇರವಾಗಿ ಹೋಗಿ ಹೊಡೆಯಿರಿ" ಎಂದ.

ಝೀರೋ ಎಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪನ್ನು ಹೊಂದಿಸುವುದು. ಗೋಡೆಯ ಮೇಲಿನ ಲೇಸರ್ ಚುಕ್ಕಿ ಝೀರೋ ಅಲ್ಲ. ಅದು ಹೆಚ್ಚೆಂದರೆ ಮೊದಲ ಗುಂಡು ಕಾಗದದ ಮೇಲಾದರೂ ಬೀಳಲಿ ಎಂಬ ಏರ್ಪಾಡು. ಆಯಾ ದೂರದಲ್ಲಿ, ಆಯಾ ಪೆಲೆಟ್ ಹಾರಿಸಿ, ಗುಂಡು ಬಿದ್ದ ಜಾಗ ನೋಡಿ ಹೊಂದಿಸಿದರೆ ಮಾತ್ರ ಝೀರೋ. ಅಂಗಡಿಯೊಳಗೆ ಇದನ್ನು ಮಾಡಲು ಸಾಧ್ಯವೇ ಇಲ್ಲ. ಮಾಡಿಕೊಟ್ಟೆವು ಎನ್ನುವವರಿಂದ ದೂರವಿರಿ.

ತೋಟದಲ್ಲಿ ಆದದ್ದು ನಿರೀಕ್ಷಿಸಬಹುದಾದದ್ದೇ. ಮೊದಲು ಗುಂಡುಗಳು ಕೆಳಕ್ಕೆ ಬಿದ್ದವು. ಸ್ಕೋಪಿನ ಟರೆಟ್ (ಗುರಿ ತಿದ್ದುವ ಗುಬುಟು) ತಿರುಗಿಸಿದಾಗ ಮೇಲೆ ಬಂದವು, ಸ್ವಲ್ಪ ಹೊತ್ತಿನಲ್ಲಿ ಬಲಕ್ಕೆ ಸರಿದವು. ಬಲವನ್ನು ತಿದ್ದಿದರೆ ಮತ್ತೆ ಕೆಳಕ್ಕೆ. ಭಾವ ಅಂಗಡಿಗೆ ಫೋನ್ ಮಾಡಿದರು. "ಹೊಸ ಗನ್ ಅಲ್ಲವೇ ಸರ್, ಒಂದು ಡಬ್ಬಿ ಪೆಲೆಟ್ ಖಾಲಿಯಾದರೆ ತಾನೇ ಸರಿಹೋಗುತ್ತದೆ" ಎಂಬ ಉತ್ತರ ಬಂತು. ಇದರಲ್ಲಿ ಅರ್ಧ ನಿಜವಿದೆ. ಹೊಸ ಸ್ಪ್ರಿಂಗ್ ರೈಫಲ್ ಹದಕ್ಕೆ ಬರಲು ಸ್ವಲ್ಪ ಹೊಡೆತ ಬೇಕಾಗುತ್ತದೆ. ಆದರೆ ಅದು ಗುಂಡನ್ನು ಅಂಗೈ ಅಗಲ ಅತ್ತಿತ್ತ ಎಸೆಯುವುದಿಲ್ಲ. ಕೊನೆಗೆ ತೋಟದ ಹಿರಿಯರೊಬ್ಬರು ಬಂದು ಟರೆಟ್ ಮುಟ್ಟಲೇ ಇಲ್ಲ. ಅಲೆನ್ ಕೀ ತರಿಸಿ ಸ್ಕೋಪನ್ನೇ ಬಿಚ್ಚಿ ಪಕ್ಕಕ್ಕಿಟ್ಟರು. ರೈಫಲ್‌ಗೆ ಕಾರ್ಖಾನೆಯಲ್ಲೇ ಕೂರಿಸಿ ಬಂದ, ಬರಿಗಣ್ಣಿನಿಂದ ಗುರಿ ಹಿಡಿಯುವ ಸಾದಾ ಸೈಟ್ ನೋಡಿ ಹೊಡೆದರು, ಮೊಟ್ಟೆ ಒಡೆಯಿತು. ಪಕ್ಕದ ಮೊಟ್ಟೆಯೂ ಒಡೆಯಿತು. "ಕೋವಿಯಲ್ಲಿ ದೋಷವಿಲ್ಲ ಮಗ, ಅದರ ಬೆನ್ನ ಮೇಲೆ ಕೂತದ್ದರಲ್ಲಿದೆ" ಎಂದು ಎದ್ದು ಹೋದರು. ಭಾವನ ಮುಖ ನೋಡುವ ಹಾಗಿರಲಿಲ್ಲ.

ಬಿಚ್ಚಿದ ಸ್ಕೋಪನ್ನು ಬೆಳಕಿಗೆ ಹಿಡಿದಾಗ ಒಂದೊಂದೇ ಬಯಲಾಯಿತು. ಒಂದಿಂಚು ವ್ಯಾಸದ ಅಲ್ಯೂಮಿನಿಯಂ ಕೊಳವೆ ಹಿಂದಿನ ರಿಂಗ್ ಕೂತಿದ್ದ ಜಾಗದಲ್ಲಿ ಅಮುಕಿದ ತಗಡಿನ ಡಬ್ಬಿಯಂತೆ ತಗ್ಗಾಗಿತ್ತು. ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಮೌಂಟ್ ತಾನಿದ್ದ ಜಾಗದಿಂದ ಹಿಂದಕ್ಕೆ ಜಾರಿದ ಗೀರು ರೈಫಲ್ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಲುಗಾಡಿಸಿದರೆ ಒಳಗೆ ಏನೋ ಕಟಕಟ ಎನ್ನುತ್ತಿತ್ತು. ಮೇಲಿನ ಟರೆಟ್ ತನ್ನ ಕೊನೆಯ ಸುತ್ತಿಗೆ ಬಂದು ನಿಂತಿತ್ತು.

ಇವುಗಳಲ್ಲಿ ಒಂದೊಂದಕ್ಕೂ ಕಾರಣವಿದೆ. ತೋಟೆ ಹಾರಿಸುವ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ, ಅದಕ್ಕೆ ಮಾಡಿದ ಸ್ಕೋಪಿನ ಗಾಜುಗಳನ್ನು ಆ ಒಂದು ದಿಕ್ಕಿನ ಹೊಡೆತಕ್ಕೆ ತಡೆ ಕೊಟ್ಟು ಕೂರಿಸಿರುತ್ತಾರೆ. ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಭಾರದ ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಸಿಲಿಂಡರಿನ ತುದಿಗೆ ಬಂದು ತಟಕ್ಕನೆ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡನೆಯ ಜಗ್ಗೇ ಸ್ಕೋಪನ್ನು ಕೊಲ್ಲುವುದು. ಗಾಜು ಸಡಿಲವಾಗುತ್ತದೆ, ಅಡ್ಡಗೆರೆ ವಾಲುತ್ತದೆ. ಅದೇ ಜಗ್ಗು ಮೌಂಟನ್ನು ಹಿಂದಕ್ಕೆ ಜಾರಿಸುತ್ತದೆ. ಆದ್ದರಿಂದಲೇ ಒಳ್ಳೆಯ ಏರ್‌ಗನ್ ಮೌಂಟ್‌ನಲ್ಲಿ ಒಂದು ತಡೆಮೊಳೆ ಇರುತ್ತದೆ, ಅದು ರೈಫಲ್ ಮೇಲಿನ ರಂಧ್ರದೊಳಗೆ ಇಳಿದು ಕೂರಬೇಕು. ಭಾವನ ಮೌಂಟ್‌ನಲ್ಲಿ ಮೊಳೆಯಿತ್ತು, ರೈಫಲ್‌ನಲ್ಲಿ ರಂಧ್ರವೂ ಇತ್ತು. ಅಂಗಡಿಯ ಹುಡುಗ ಎರಡನ್ನೂ ಜೋಡಿಸಿರಲೇ ಇಲ್ಲ.

ಟರೆಟ್ ಕೊನೆಗೆ ಮುಟ್ಟಿದ್ದರ ಕಥೆ ಇನ್ನೂ ಸ್ವಾರಸ್ಯದ್ದು. ನಳಿಕೆ ಮಡಚುವ ರೈಫಲ್‌ಗಳಲ್ಲಿ ಬಹಳಷ್ಟು ನಳಿಕೆಗಳು ಒಂದು ಕೂದಲೆಳೆಯಷ್ಟು ಕೆಳಮುಖವಾಗಿರುತ್ತವೆ. ಸಾದಾ ಸೈಟನ್ನು ನಳಿಕೆಯ ಮೇಲೆಯೇ ಕೂರಿಸಿರುವುದರಿಂದ ಅದಕ್ಕೆ ತೊಂದರೆಯಿಲ್ಲ. ಸ್ಕೋಪ್ ಕೂರುವುದು ಹಿಂದಿನ ಸಿಲಿಂಡರಿನ ಮೇಲೆ. ಆದ್ದರಿಂದ ಗುಂಡು ಕೆಳಗೆ ಬೀಳುತ್ತದೆ, ನಾವು ಟರೆಟ್ಟನ್ನು ಮೇಲಕ್ಕೆ ತಿರುಗಿಸುತ್ತಲೇ ಹೋಗುತ್ತೇವೆ. ಸ್ಕೋಪಿನೊಳಗೆ ಒಂದು ಚಿಕ್ಕ ಕೊಳವೆಯಿದೆ. ಒಂದು ಕಡೆಯಿಂದ ಟರೆಟ್ ಸ್ಕ್ರೂಗಳು, ಎದುರು ಕಡೆಯಿಂದ ಒಂದು ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತವೆ. ಮೇಲಕ್ಕೆ ತಿರುಗಿಸಿದಷ್ಟೂ ಸ್ಕ್ರೂ ಹಿಂದೆ ಸರಿದು ಸ್ಪ್ರಿಂಗಿನ ಬಿಗಿ ಕಡಿಮೆಯಾಗುತ್ತದೆ. ತುದಿ ತಲಪುವ ಹೊತ್ತಿಗೆ ಆ ಕೊಳವೆಗೆ ಆಧಾರವೇ ಇರುವುದಿಲ್ಲ, ಪ್ರತಿ ಗುಂಡಿಗೂ ತಾನೇ ಜಾಗ ಬದಲಿಸುತ್ತದೆ. ಭಾವನ ಗುಂಡುಗಳು ಅಲೆದಾಡಿದ್ದು ಹೀಗೆ. ಇದಕ್ಕೆ ಮದ್ದು ಟರೆಟ್‌ನಲ್ಲಿಲ್ಲ. ಹಿಂಭಾಗ ತುಸು ಎತ್ತರವಿರುವ ಮೌಂಟ್ ಕೇಳಿ ಕೊಳ್ಳಬೇಕು, ಇಲ್ಲವೇ ಹಿಂದಿನ ರಿಂಗಿನೊಳಗೆ, ಸ್ಕೋಪಿನ ಕೊಳವೆಯ ಕೆಳಗೆ ತೆಳುವಾದ ಪಟ್ಟಿಯೊಂದನ್ನು ಇಡಬೇಕು. ಪಟ್ಟಿ ದಪ್ಪವಾದರೆ ಕೊಳವೆ ಬಾಗುತ್ತದೆ, ಆ ಆಸೆ ಬೇಡ.

ಟರೆಟ್ ತಿರುಗಿಸುವಾಗ ಕೇಳುವ ಕ್ಲಿಕ್‌ಗಳ ಲೆಕ್ಕವನ್ನೂ ಅಂಗಡಿಯವರು ತಪ್ಪಾಗಿಯೇ ಹೇಳಿ ಕಳುಹಿಸಿದ್ದರು. ಟರೆಟ್ ಮೇಲೆ ಕಾಲು ಎಂ.ಓ.ಎ. (ಮಿನಿಟ್ ಆಫ್ ಆಂಗಲ್, ಕೋನದ ಒಂದು ಸಣ್ಣ ಅಳತೆ) ಎಂದು ಬರೆದಿದ್ದರೆ ನೂರು ಗಜಕ್ಕೆ ಒಂದು ಕ್ಲಿಕ್ ಎಂದರೆ ಸುಮಾರು ಕಾಲು ಇಂಚು, ಅಂದರೆ ಏಳು ಮಿಲಿಮೀಟರಿಗೆ ಹತ್ತಿರ. ಇಪ್ಪತ್ತೈದು ಮೀಟರಿಗೆ ಅದೇ ಕ್ಲಿಕ್ 1.8 ಮಿಲಿಮೀಟರ್ ಮಾತ್ರ. ಗುಂಡು ನಾಲ್ಕು ಸೆಂಟಿಮೀಟರ್ ಕೆಳಗೆ ಬಿದ್ದರೆ ಇಪ್ಪತ್ತೆರಡು ಕ್ಲಿಕ್ ಬೇಕು. "ಆರು ಕ್ಲಿಕ್ ಮೇಲೆ ಕೊಡಿ ಸರ್, ಸಾಕು" ಎಂದಿದ್ದ ಮಹಾಶಯ ನೂರು ಗಜದ ಲೆಕ್ಕವನ್ನು ತೋಟದ ಮೊಟ್ಟೆಗೆ ಅಂಟಿಸಿದ್ದ.

ಎಲ್ಲಿಗಾದರೂ ಪಂದ್ಯಕ್ಕೆ ಹೊರಡುವವರು ವಾರಗಳ ಮೊದಲೇ ಊರಿನಲ್ಲೇ ಪರೀಕ್ಷೆ ಮುಗಿಸಿಕೊಳ್ಳಿ. ಗುಂಡು ಅಲೆದಾಡುತ್ತಿದ್ದರೆ ಟರೆಟ್‌ಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ರೈಫಲ್‌ನ ಮರದ ಹಿಡಿಯ ಸ್ಕ್ರೂಗಳನ್ನು ನೋಡಿ, ಸ್ಪ್ರಿಂಗಿನ ಅದುರಿಗೆ ಅವು ಸಡಿಲವಾಗುತ್ತಲೇ ಇರುತ್ತವೆ. ನಳಿಕೆ ಮಡಚುವ ಕೀಲಿನಲ್ಲಿ ಅಲುಗಾಟವಿದೆಯೇ ನೋಡಿ. ಮೌಂಟಿನ ಹಿಂದೆ ರೈಫಲ್ ಮೇಲೆ ಉಗುರುಬಣ್ಣದ ಒಂದು ಗೆರೆ ಎಳೆಯಿರಿ. ಅಕ್ಕನ ಡಬ್ಬಿಯಿಂದ ಕದ್ದರೂ ಸರಿ. ಮೌಂಟ್ ಆ ಗೆರೆಯ ಮೇಲೆ ಹತ್ತಿದರೆ ಕಳ್ಳ ಸಿಕ್ಕಿದಂತೆ. ಒಂದೇ ಬಗೆಯ ಪೆಲೆಟ್ ಬಳಸಿ, ಬಾಲ ನಜ್ಜುಗುಜ್ಜಾದವನ್ನು ಪಕ್ಕಕ್ಕಿಡಿ. ರೈಫಲನ್ನು ಗಟ್ಟಿ ಮೇಜಿನ ಮೇಲೆ ಒರಗಿಸಿ ಹೊಡೆಯಬೇಡಿ. ಸ್ಪ್ರಿಂಗ್ ರೈಫಲ್ ತನ್ನ ಪಾಡಿಗೆ ಹಿಂದೆ ಮುಂದೆ ಆಡಬೇಕು, ಮುಂಭಾಗ ತೆರೆದ ಅಂಗೈ ಮೇಲೆ ಸುಮ್ಮನೆ ಕೂತಿರಲಿ. ಇಷ್ಟಾದ ಮೇಲೂ ಗುಂಡು ಚದುರಿದರೆ ಆ ಹಿರಿಯರು ಮಾಡಿದಂತೆ ಸ್ಕೋಪ್ ಬಿಚ್ಚಿ ಸಾದಾ ಸೈಟ್‌ನಿಂದ ಹೊಡೆದು ನೋಡಿ. ಗುಂಡುಗಳು ಒಂದೇ ಕಡೆ ಗುಂಪಾಗಿ ಬಿದ್ದರೆ ತಪ್ಪು ಸ್ಕೋಪಿನದೋ ಮೌಂಟಿನದೋ ಎಂದು ಖಾತ್ರಿ.

ಸ್ಕೋಪ್ ಪರೀಕ್ಷೆಗೆ ಚೌಕದ ಆಟವೊಂದಿದೆ. ಒಂದೇ ಚುಕ್ಕಿಗೆ ಗುರಿಯಿಟ್ಟು ಹೊಡೆಯಿರಿ. ಇಪ್ಪತ್ತು ಕ್ಲಿಕ್ ಬಲಕ್ಕೆ ತಿರುಗಿಸಿ ಅದೇ ಚುಕ್ಕಿಗೆ ಹೊಡೆಯಿರಿ, ಆಮೇಲೆ ಇಪ್ಪತ್ತು ಕೆಳಕ್ಕೆ, ಇಪ್ಪತ್ತು ಎಡಕ್ಕೆ, ಇಪ್ಪತ್ತು ಮೇಲಕ್ಕೆ. ಕೊನೆಯ ಗುಂಡು ಮೊದಲಿನದರ ಪಕ್ಕಕ್ಕೇ ಬರಬೇಕು. ಬಾರದ ಸ್ಕೋಪನ್ನು ನಂಬಬೇಡಿ. ಇನ್ನೊಂದು ಪರೀಕ್ಷೆಗೆ ಪೆಲೆಟ್ ಕೂಡ ಬೇಡ: ರೈಫಲನ್ನು ಖಾಲಿಯಾಗಿ ಮೂಟೆಯ ಮೇಲೆ ಅಲುಗದಂತೆ ಇಟ್ಟು, ಮುಟ್ಟದೆ ಸ್ಕೋಪಿನೊಳಗೆ ನೋಡುತ್ತಾ ತಲೆಯನ್ನು ಸ್ವಲ್ಪ ಅತ್ತಿತ್ತ ಮಾಡಿ. ಅಡ್ಡಗೆರೆ ಚುಕ್ಕಿಯ ಮೇಲಿನಿಂದ ಸರಿದಾಡಿದರೆ ಆ ಸ್ಕೋಪ್ ನಿಮ್ಮ ದೂರಕ್ಕೆ ಹೊಂದಿಕೆಯಾಗಿಲ್ಲ. ತೋಟೆಯ ರೈಫಲ್‌ಗೆ ಮಾಡಿದ ಅಗ್ಗದ ಸ್ಕೋಪ್‌ಗಳು ಸಾಮಾನ್ಯವಾಗಿ ನೂರು ಗಜಕ್ಕೆ ಹೊಂದಿಸಿ ಬಂದಿರುತ್ತವೆ. ಏರ್‌ಗನ್‌ಗೆಂದೇ ಮಾಡಿದವುಗಳಲ್ಲಿ ಮುಂದಿನ ಗಾಜಿನ ಬಳಿ ಅಥವಾ ಪಕ್ಕದಲ್ಲಿ ಹತ್ತಿರದ ದೂರಕ್ಕೆ ತಿರುಗಿಸುವ ಬಳೆಯೋ ಗುಬುಟೋ ಇರುತ್ತದೆ.

ಮಂಡ್ಯ ಕಡೆಯವರಿಗೆ ಒಂದು ಮಾತು. ಅಭ್ಯಾಸ ಮಾಡುವಾಗ ಟಾರ್ಗೆಟ್ ಹಿಂದೆ ಮರಳು ಮೂಟೆಗಳ ಗೋಡೆ ಇರಲಿ. ಕಬ್ಬಿನ ಗದ್ದೆಯನ್ನು ಹಿನ್ನೆಲೆ ಮಾಡಿಕೊಂಡು ಹೊಡೆಯುವವರನ್ನು ಕಂಡಿದ್ದೇನೆ. ಎದೆಯೆತ್ತರದ ಕಬ್ಬಿನೊಳಗೆ ನೀರು ತಿರುಗಿಸುತ್ತಿರುವ ಆಳು ಯಾರ ಕಣ್ಣಿಗೂ ಕಾಣುವುದಿಲ್ಲ. ಕೊಡಗಿಗೆ ರೈಫಲ್ ಒಯ್ಯುವವರು ಹುಣಸೂರಿನಿಂದ ಆನೆಚೌಕೂರು ಕಡೆಯ ಕಾಡಿನ ದಾರಿ ಬಿಟ್ಟು ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಹೋಗಿ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ, ಚೆಕ್‌ಪೋಸ್ಟ್‌ನಲ್ಲಿ ನಿಂತು ಏರ್‌ಗನ್ ಎಂದರೆ ಆಯುಧವೇ ಅಲ್ಲ ಎಂದು ವಾದ ಮಾಡುವ ಸುಖ ಯಾರಿಗೆ ಬೇಕು? 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಆದರೂ ಬಿಲ್ ಜೊತೆಗಿರಲಿ.

ಬಿಲ್ ಎಂದಾಗ ನೆನಪಾಯಿತು. ಭಾವ ಸ್ಕೋಪ್ ವಾಪಸ್ ತೆಗೆದುಕೊಂಡು ಹೋದಾಗ ಅಂಗಡಿಯ ಮಾಲೀಕರು ಆ ತಗ್ಗನ್ನು ಬೆರಳಿನಿಂದ ಸವರಿ "ಇದು ನೀವೇ ಬಿಗಿದು ಮಾಡಿಕೊಂಡದ್ದು ಸರ್" ಎಂದರು. ಬಿಗಿದ ಹುಡುಗ ಅಲ್ಲೇ ನಿಂತಿದ್ದ. ಬಿಲ್ಲಿನಲ್ಲಿ ಇದ್ದದ್ದು "ಸ್ಕೋಪ್, 1" ಎಂಬುದಷ್ಟೇ, ಕಂಪನಿಯೂ ಇಲ್ಲ, ಮಾದರಿಯೂ ಇಲ್ಲ. "ಭಾವ, ಇದರ ಮೇಲೆ ಏನೆಂದು ದೂರು ಬರೆಯುತ್ತೀರಿ?" ಎಂದು ಕೇಳಿದೆ. "ಬರೆಯಲೇಬೇಕಯ್ಯ, ಇನ್ನೊಬ್ಬನಿಗೆ ಇದನ್ನೇ ಮಾರುತ್ತಾರೆ" ಎಂದರು. 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದಾರೆ. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವರಿದ್ದಾರೆ, ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ನೀವು ಕೊಳ್ಳುವಾಗ ಸ್ಕೋಪಿನ ಕಂಪನಿ, ಮಾದರಿ, "ಸ್ಪ್ರಿಂಗ್ ಏರ್ ರೈಫಲ್‌ಗೆ" ಎಂಬ ಮಾತು ಈ ಮೂರನ್ನೂ ಬಿಲ್ಲಿನಲ್ಲಿ ಬರೆಸಿ. ಕೂರಿಸಲು ಅಂಗಡಿಯವರ ಕೈಗೆ ಕೊಡುವ ಮೊದಲು ಕೊಳವೆಯನ್ನು ಸುತ್ತಲೂ ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಬಿಗಿಯುವ ಹುಡುಗನಿಗೆ ಅಲೆನ್ ಕೀಯ ಗಿಡ್ಡ ಕಾಲನ್ನು ಹಿಡಿದು ಎರಡೇ ಬೆರಳಿನಿಂದ ತಿರುಗಿಸಲು ಹೇಳಿ. ಒಪ್ಪದಿದ್ದರೆ ಸ್ಕೋಪನ್ನು ಪೆಟ್ಟಿಗೆಯಲ್ಲೇ ಮನೆಗೆ ತಂದು ನೀವೇ ಕೂರಿಸಿಕೊಳ್ಳಿ.