‘ನೈಲಾನ್ ಅದ ರೀ’ ಅಂತ ಕೊಟ್ಟ ದಾರ ನೀರಲ್ಲಿ ತೇಲಿತು

ಬೆಳಗಾವಿಯಲ್ಲಿ ಮಳೆಗಾಲಕ್ಕೆ ಮುಂಚೆ ಟೊಂಗೆ ಕಡಿಯುವ ಕೆಲಸ ಜೋರು. ಈ ಸಲ ಹೊಸ ಹಗ್ಗ ಕೊಳ್ಳಲು ಹೊರಟವರು ಇದನ್ನು ಓದಿಕೊಂಡು ಹೋಗಿ. ನಮ್ಮ ಜೊತೆಗಿದ್ದ ಹುಡುಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದಾನೆ. ಕಾರಣ ಎರಡು ಮೊಳ ದಾರ.

ಮರ ಹತ್ತುವಾಗ ಮುಖ್ಯ ಹಗ್ಗದ ಸುತ್ತ ಹಾಕುವ ಹಿಡಿತದ ಗಂಟು ಗೊತ್ತಲ್ಲ? ಭಾರ ಬಿದ್ದರೆ ಬಿಗಿಯುತ್ತದೆ, ಭಾರ ಇಳಿಸಿದರೆ ಸರಿಯುತ್ತದೆ. ಪ್ರುಸಿಕ್, ಬ್ಲೇಕ್, ಡಿಸ್ಟೆಲ್ ಎಲ್ಲ ಅದೇ ಜಾತಿಯವು. ಅದಕ್ಕೆ ಹೊಸ ದಾರ ತರಲು ಹುಡುಗ ಪೇಟೆಯ ಒಂದು ಅಂಗಡಿಗೆ ಹೋಗಿದ್ದ. ಏನು ಕೆಲಸಕ್ಕೆ ಅಂತ ಬಿಡಿಸಿ ಹೇಳಿದ್ದ. ಮೊಬೈಲಲ್ಲಿ ವಿಡಿಯೋ ಕೂಡ ತೋರಿಸಿದ್ದ. ಅದರಲ್ಲಿ ಒಂಟಿ ಹಗ್ಗದ ಮೇಲೆ ಹತ್ತುವವನ ಗಂಟಿನ ಮೇಲ್ಗಡೆ ಲೋಹದ ಸಣ್ಣ ಸಾಧನ ಒಂದಿತ್ತು.

“ಅದೆಲ್ಲಾ ಫಾರಿನ್ ಶೋಕಿ ತಮ್ಮಾ, ಗಂಟ ಸಾಕು. ಇದು ನೈಲಾನ್ ಅದ, ಟನ್ ಭಾರ ಹಾಕಿದ್ರೂ ಹರಿಯೂದಿಲ್ಲ” ಅಂದನಂತೆ ಅಂಗಡಿಯವ.

ಹರಿಯಲಿಲ್ಲ, ನಿಜ.

ಟಿಳಕವಾಡಿಯ ಒಂದು ಮನೆಯ ಹಿತ್ತಲಲ್ಲಿ ದೊಡ್ಡ ಮಳೆಮರ. ಹತ್ತುವಾಗ ಗಂಟು ಚೆನ್ನಾಗಿಯೇ ಹಿಡಿಯಿತು. ಇಳಿಯುವಾಗ ಮೇಲಿನಿಂದ ಒಂದೇ ಸಮನೆ ಜಾರಿಕೊಂಡು ಬಂದ. ಅರ್ಧ ದಾಟಿದ ಮೇಲೆ ಗಂಟು ಹಿಡಿಯುವುದನ್ನೇ ಬಿಟ್ಟಿತು. ಗಾಬರಿಯಾದ ಯಾರೇ ಆಗಲಿ ಕೈಗೆ ಸಿಕ್ಕಿದ್ದನ್ನು ಗಟ್ಟಿ ಹಿಡಿಯುತ್ತಾರೆ, ಅವನ ಕೈಗೆ ಸಿಕ್ಕಿದ್ದು ಗಂಟೇ. ಗಂಟಿನ ತಲೆ ಹಿಡಿದು ಕೆಳಗೆ ಒತ್ತಿದರೆ ಅದು ಸಡಿಲವಾಗುತ್ತದೆ, ನಾವು ಇಳಿಯುವುದೇ ಹಾಗೆ ಅಲ್ವಾ? ಕಡಿದು ಬಿಸಾಕಿದ್ದ ಟೊಂಗೆಗಳ ರಾಶಿ ಮೇಲೆ ಬಿದ್ದ, ಬದುಕಿದ. ಹೊಸಬರಿಗೆ ಜಾರಿದಾಗ ಗಂಟಿನಿಂದ ಕೈ ಬಿಡುವುದನ್ನು ನೆಲದ ಹತ್ತಿರವೇ ರೂಢಿ ಮಾಡಿಸಿ.

ಆಮೇಲೆ ದಾರ ಬಿಚ್ಚಿ ನೋಡಿದೆವು. ಒಳಮಗ್ಗುಲು ಮಿರಮಿರ ಮಿಂಚುತ್ತಿತ್ತು. ಜಾರುವಾಗಿನ ಉಜ್ಜಾಟದ ಬಿಸಿಗೆ ಎಳೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಗ್ಗಿಸಿದರೆ ಚಟಚಟ ಬಿರಿಯಿತು. ಮುಖ್ಯ ಹಗ್ಗದ ಮೇಲೂ ಅದರ ಹಸಿರು ಬಣ್ಣ ಮೆತ್ತಿಕೊಂಡಿತ್ತು. ಉಳಿದಿದ್ದ ತುಂಡನ್ನು ಬಕೆಟ್ ನೀರಲ್ಲಿ ಚೆನ್ನಾಗಿ ಹಿಂಡಿ, ಗಾಳಿ ಹೊರಡಿಸಿ ಬಿಟ್ಟೆ. ತೇಲಿತು.

ನೈಲಾನ್ ನೀರಲ್ಲಿ ಮುಳುಗುತ್ತದೆ, ಪಾಲಿಯೆಸ್ಟರ್ ಕೂಡ. ತೇಲುವುದು ಪಾಲಿಪ್ರೊಪಿಲೀನ್‌ನಂಥವು. ನಮ್ಮ ಕಡೆ ಎಲ್ಲ ಪ್ಲಾಸ್ಟಿಕ್ ಹಗ್ಗಕ್ಕೂ ನೈಲಾನ್ ಅಂತಲೇ ಹೇಳಿ ಮಾರುತ್ತಾರೆ. ಬಟ್ಟೆ ಒಣಹಾಕಲು ಯಾವುದಾದರೇನು? ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ನೈಲಾನ್ 220ರ ಮೇಲೆ, ಪಾಲಿಯೆಸ್ಟರ್ 250ರ ಆಸುಪಾಸು. ಅರಾಮಿಡ್ ಅನ್ನುವ ನಾರು (ಕೆವ್ಲಾರ್ ಅದೇ ಜಾತಿ) ಕರಗುವುದೇ ಇಲ್ಲ, ಬಹಳ ಬಿಸಿಯಾದರೆ ಕರಕಲಾಗುತ್ತದೆ. ಅದಕ್ಕೇ ಒಳ್ಳೆಯ ಗಂಟಿನ ದಾರಗಳಲ್ಲಿ ಅರಾಮಿಡ್ ಸೇರಿಸಿ ನೇಯುತ್ತಾರೆ. ಡೈನೀಮಾ ಅಂತ ಸಿಗುವ ತೆಳ್ಳನೆಯ ದಾರಕ್ಕೆ ಭಯಂಕರ ಶಕ್ತಿಯಿದೆ, ಆದರೆ ಅದೂ ತೇಲುತ್ತದೆ, ಇನ್ನೂ ಕಡಿಮೆ ಬಿಸಿಗೆ ಕರಗುತ್ತದೆ, ಮೇಲಾಗಿ ಜಾರುತ್ತದೆ. ತೇಲಿದ್ದನ್ನು ಗಂಟಿಗೆ ತರಬೇಡಿ. ಮುಳುಗಿತು ಅಂತ ಸುಮ್ನೆ ನಂಬಲೂ ಬೇಡಿ, ಮರ ಹತ್ತುವ ಕೆಲಸಕ್ಕೆಂದೇ ಮಾಡಿದ್ದು ಅಂತ ಲೇಬಲ್ ಇರಬೇಕು.

ಇನ್ನು ಆ ‘ಫಾರಿನ್ ಶೋಕಿ’ಯ ವಿಷಯ. ಟೊಂಗೆಯ ಮೇಲಿಂದ ಹಗ್ಗ ಇಳಿಬಿಟ್ಟು ಎರಡೆಳೆಯಲ್ಲಿ ಹತ್ತಿದರೆ ಭಾರ ಎರಡು ಕಡೆ ಹಂಚಿಕೊಳ್ಳುತ್ತದೆ, ಗಂಟಿಗೆ ಬೀಳುವುದು ಸುಮಾರು ಅರ್ಧ. ಒಂಟಿ ಹಗ್ಗದಲ್ಲಿ ಪೂರ್ತಿ ಭಾರ ಗಂಟಿನದೇ. ಆ ಲೋಹದ ಸಾಧನಕ್ಕೆ ರೋಪ್ ರೆಂಚ್ ಅಂತಾರೆ. ಹಗ್ಗವನ್ನು ಸ್ವಲ್ಪ ಬಾಗಿಸಿ, ಘರ್ಷಣೆಯ ಒಂದು ಪಾಲನ್ನು ತಾನು ತೆಗೆದುಕೊಳ್ಳುತ್ತದೆ. ಅದಿಲ್ಲದೆ ಒಂಟಿ ಹಗ್ಗದಲ್ಲಿ ಬರೀ ಗಂಟು ನಂಬಿ ಉದ್ದಕ್ಕೆ ಇಳಿಯಬೇಡಿ. ವಿಡಿಯೋದವರು ಇದನ್ನು ಬಾಯಿಬಿಟ್ಟು ಹೇಳುವುದೂ ಕಡಿಮೆ.

ನಾನು ಕರಗಿದ ದಾರ ಹಿಡಿದು ಆ ಅಂಗಡಿಗೆ ಹೋದೆ. “ಹಂಗಾದ್ರ ದಪ್ಪಂದು ಒಯ್ರಿ” ಅಂತ ಅದೇ ಜಾತಿಯ 12 ಮಿ.ಮೀ. ದಾರ ತೆಗೆದಿಟ್ಟ. ನಮ್ಮ ಮುಖ್ಯ ಹಗ್ಗವೂ 12. ಪ್ರುಸಿಕ್‌ಗೆ ದಾರ ಮುಖ್ಯ ಹಗ್ಗಕ್ಕಿಂತ ತೆಳ್ಳಗಿರಬೇಕು, ಇಲ್ಲದಿದ್ದರೆ ಸರಿಯಾಗಿ ಕಚ್ಚುವುದಿಲ್ಲ. ನಮ್ಮ ಹಗ್ಗಕ್ಕೆ 8 ರಿಂದ 10 ಸಾಕು. ಬ್ಲೇಕ್ ಗಂಟನ್ನು ಮಾತ್ರ ಅದೇ ಹಗ್ಗದ ತುದಿಯಿಂದ ಹಾಕಬಹುದು, ಆದರೆ ಗಂಟಿನಾಚೆ ಉಳಿದ ಬಾಲ ಜಾರಿ ಹೊರಬರದಂತೆ ಅದಕ್ಕೆ ಇಂಗ್ಲಿಷ್ 8ರ ಆಕಾರದ ತಡೆಗಂಟು ಇರಲೇಬೇಕು.

ದಾರ ಅಲ್ಲೇ ಬಿಟ್ಟು ಬಂದೆ. ಬಣ್ಣ ಮೆತ್ತಿದ ಮುಖ್ಯ ಹಗ್ಗವನ್ನೂ ಹತ್ತುವುದಕ್ಕೆ ಬಳಸುತ್ತಿಲ್ಲ. ಈಗ ಟೊಂಗೆ ಎಳೆಯಲು ಇಟ್ಟಿದ್ದೇವೆ, ಮೇಲೆ ಯಾರೂ ಹತ್ತದಿರಲಿ ಅಂತ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದ್ದೇವೆ.