ಎಸ್ಟೀಮ್‌ಗೆ ಮನೆಯಲ್ಲೇ ಹೆಡರ್: ಸ್ಟೀಲ್ ಬಿಚ್ಚಿ ಎಂ.ಎಸ್. ಕೂರಿಸಿದ ಕತೆ

ನನ್ನ 2004ರ ಮಾರುತಿ ಎಸ್ಟೀಮ್ ಕಾರಿನಲ್ಲಿ ಈಗ ಇರುವುದು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಮಾಡಿಸಿದ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಉಕ್ಕು) ಹೆಡರ್. ಹೆಡರ್ ಅಂದರೆ ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಪೈಪುಗಳ ಜೋಡಣೆ. ಖರ್ಚು 6,500 ರೂಪಾಯಿ. ಅದಕ್ಕೂ ಮೊದಲು 14,000 ಕೊಟ್ಟು ತರಿಸಿದ್ದ ರೆಡಿಮೇಡ್ ಸ್ಟೇನ್‌ಲೆಸ್ ಸ್ಟೀಲ್ ಹೆಡರ್ ಅಟ್ಟದ ಮೇಲಿದೆ (ಮುಂದೆ ಬರೀ ಸ್ಟೀಲ್ ಹೆಡರ್ ಅಂದರೆ ಇದೇ). ಎರಡನ್ನೂ ನಾನೇ ಮನೆ ಅಂಗಳದಲ್ಲಿ ಕೂರಿಸಿದ್ದು. ಇವತ್ತು ಯಾರಾದರೂ ಕೇಳಿದರೆ ಎಂ.ಎಸ್. ಅಂತಲೇ ಹೇಳುತ್ತೇನೆ.

ಹೆಡರ್ ಜಾಗದಲ್ಲಿ ಮೊದಲಿಂದ ಇದ್ದ ಹಳೆಯ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಹೇಗೂ ಬದಲಿಸಬೇಕಲ್ವಾ, ಹೆಡರ್ ಹಾಕೋಣ ಅನ್ನಿಸಿತು. ಸ್ಟೀಲ್ ಹೆಡರ್ ನೋಡೋಕೆ ತುಂಬಾ ಚೆನ್ನಾಗಿತ್ತು. ಪೈಪಿನ ಬಾಗು, ವೆಲ್ಡಿಂಗ್ ಎರಡೂ ನೀಟು. ಒಂದು ಭಾನುವಾರದಲ್ಲಿ ಕೆಲಸ ಮುಗಿಯಿತು.

ಎರಡು ವಾರ ಕಳೆದ ಮೇಲೆ ಶುರುವಾಯಿತು ಟಿಕ್ ಟಿಕ್. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಜೋರಾಗಿ ಕೇಳಿಸುತ್ತಿತ್ತು. ಐದು ನಿಮಿಷ ಓಡಿದರೆ ಮಾಯ. ನಾನು ಎಂಜಿನ್ ಒಳಗಿನ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದು ಅಂದುಕೊಂಡೆ. ಮೆಕ್ಯಾನಿಕ್ ನೋಡಿ ಅಲ್ಲ ಅಂದರು. ಅಷ್ಟರಲ್ಲಿ ಮೈಲೇಜೂ ಇಳಿಯಿತು. ಲೀಟರಿಗೆ 15 ಕೊಡುತ್ತಿದ್ದ ಕಾರು 13ಕ್ಕೆ ಬಂತು.

ಈ ಎರಡಕ್ಕೂ ಕಾರಣ ಒಂದೇ. ಹೆಡರ್ ಮತ್ತು ಎಂಜಿನ್ ಹೆಡ್ ಸೇರುವಲ್ಲಿ ಸಂದು ಬಿದ್ದಿತ್ತು. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಆದರೆ ಪೂರ್ತಿ ಮುಚ್ಚಿರುವುದಿಲ್ಲ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಹೊರಡುತ್ತದೆ. ಆ ಬಡಿತಗಳ ನಡುವೆ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮುಂದಿರುವ ಆಕ್ಸಿಜನ್ ಸೆನ್ಸರ್‌ಗೆ ಪೆಟ್ರೋಲ್ ಕಡಿಮೆಯಾಗಿದೆ ಅಂತ ಕಾಣುತ್ತದೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸುಮ್ನೆ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ.

ಸೋರಿಕೆ ಹಿಡಿಯಲು ಸುಲಭದ ದಾರಿ ಇದೆ. ಎಂಜಿನ್ ತಣ್ಣಗಿರಲಿ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಗೆ ಪೈಪ್ ಸಿಕ್ಕಿಸಿ, ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿಯಿರಿ. ಹೆಡರ್ ಸುತ್ತ ಸೋಪಿನ ನೀರು ಹಚ್ಚಿ. ನನಗೆ ಮೂರನೇ ಪೋರ್ಟಿನ (ಹೊಗೆ ಹೊರಬರುವ ತೂತಿನ) ಕೆಳಗೆ ಗುಳ್ಳೆ ಬಂತು. ಬಿಚ್ಚಿ ನೋಡಿದರೆ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಮೇಲೆ ಅದೇ ಜಾಗದಲ್ಲಿ ಕಪ್ಪು ಮಸಿ ಗೆರೆ. ಹೆಡರನ್ನು ಎಂಜಿನ್ನಿಗೆ ಬಿಗಿಯುವ ಫ್ಲ್ಯಾಂಜ್ ಪ್ಲೇಟ್ ಸಮ ಇದೆಯಾ ಅಂತ ಅದರ ಮೇಲೆ ನೇರವಾದ ಸ್ಟೀಲ್ ಪಟ್ಟಿ ಇಟ್ಟೆ. ನಡುವೆ ಅರ್ಧ ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ತೂರಿತು.

ಗೋಕುಲ ರಸ್ತೆಯಲ್ಲಿ ವೆಲ್ಡಿಂಗ್ ಮಾಡುವ ಕಾಕಾ ಕೈಯಲ್ಲಿ ಹಿಡಿದು ನೋಡಿ, "ಪೈಪ್ ಛಲೋ ಐತಿ ತಮ್ಮಾ. ಪ್ಲೇಟ್ ಆರೇ ಮಿಲಿಮೀಟರ್ ಐತಿ, ಬಾಗೇತಿ" ಅಂದರು. ಗ್ರೈಂಡಿಂಗ್ ಮಾಡಿಸಿ ಸಮ ಮಾಡಿ ಮತ್ತೆ ಕೂರಿಸಿದೆ. ಒಂದು ತಿಂಗಳಿಗೆ ಮತ್ತೆ ಅದೇ ಟಿಕ್ ಟಿಕ್. ಸ್ಟೇನ್‌ಲೆಸ್ ಬಿಸಿಗೆ ಸಾಮಾನ್ಯ ಉಕ್ಕಿಗಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚು ಹಿಗ್ಗುತ್ತದೆ. ತೆಳು ಪ್ಲೇಟಿಗೆ ಆ ಎಳೆತ ತಡೆಯೋಕೆ ಆಗಲಿಲ್ಲ.

ಆಮೇಲೆ ಕಾಕಾ ಅವರಿಂದಲೇ ಎಂ.ಎಸ್. ಹೆಡರ್ ಮಾಡಿಸಿದೆ. ಪ್ಲೇಟ್ 10 ಮಿ.ಮೀ. ಅದನ್ನು ದಪ್ಪ ಕಬ್ಬಿಣದ ಹಲಗೆಗೆ ಬೋಲ್ಟ್ ಹಾಕಿ ಬಿಗಿದು ವೆಲ್ಡ್ ಮಾಡಿದರು, ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿದರು, ಕೊನೆಗೆ ಮುಖ ಗ್ರೈಂಡ್ ಮಾಡಿದರು. ಒಂದೂವರೆ ವರ್ಷ ಆಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಯಾವ ಸದ್ದೂ ಇಲ್ಲ. ಮೈಲೇಜ್ ಮತ್ತೆ 15.

ಕಾರಿನ ಎಳೆತದಲ್ಲಿ ಎರಡಕ್ಕೂ ವ್ಯತ್ಯಾಸ ನನಗೆ ಗೊತ್ತಾಗಲಿಲ್ಲ. ಎರಡೂ 4-2-1 ಮಾದರಿ. ಅಂದರೆ 1 ಮತ್ತು 4ನೇ ಪೈಪು ಒಂದು ಜೋಡಿ, 2 ಮತ್ತು 3 ಇನ್ನೊಂದು, ಆಮೇಲೆ ಎರಡು ಜೋಡಿಯೂ ಸೇರಿ ಒಂದಾಗುತ್ತವೆ. ನಾನು ದಿನಾ ಧಾರವಾಡ–ಹುಬ್ಬಳ್ಳಿ ಓಡಾಡುವವನು, 4,000 ಆರ್‌ಪಿಎಂ ದಾಟುವುದೇ ಅಪರೂಪ. ಅಂಥ ಓಡಾಟಕ್ಕೆ ನಾಲ್ಕೂ ಪೈಪು ನೇರವಾಗಿ ಒಂದಕ್ಕೇ ಸೇರುವ 4-1ಗಿಂತ ಇದೇ ಸರಿ. ಸದ್ದೂ ಹೆಚ್ಚುಕಡಿಮೆ ಒಂದೇ, ಸೈಲೆನ್ಸರ್ ಕಂಪನಿಯದ್ದೇ ಇದೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಿಲ್ಲ, ನೀವೂ ಮುಟ್ಟಬೇಡಿ.

ಬಿಸಿ ವಿಷಯದಲ್ಲಿ ಸ್ಟೀಲ್ ಮೇಲು. ಅದು ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ. ತುಕ್ಕಿನ ವಿಷಯದಲ್ಲೂ ಅದೇ ಮೇಲು. ಎಂ.ಎಸ್.ಗೆ ನಾನು ವರ್ಷಕ್ಕೊಮ್ಮೆ ಬಿಸಿ ತಡೆಯುವ ಬಣ್ಣ ಬಳಿಯುತ್ತೇನೆ. ಎಂ.ಎಸ್.ಗೆ ಬಿಸಿ ತಡೆಯುವ ಬಟ್ಟೆ ಪಟ್ಟಿ ಸುತ್ತಬೇಡಿ, ತೇವ ಒಳಗೇ ನಿಂತು ಬೇಗ ತುಕ್ಕು ಹಿಡಿಯುತ್ತದೆ.

ಕೂರಿಸುವವರಿಗೆ ಒಂದೆರಡು ಮಾತು. ಹಳೆಯ ನಟ್‌ಗಳಿಗೆ ಎರಡು ರಾತ್ರಿ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಅಲ್ಯೂಮಿನಿಯಂ ಹೆಡ್‌ನಲ್ಲಿ ಸ್ಟಡ್ ಮುರಿದರೆ ಮನೆಯಲ್ಲಿ ತೆಗೆಯುವುದು ತುಂಬಾ ಕಷ್ಟ. ಕಾರಿನ ಕೆಳಗೆ ಹೋಗುವಾಗ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಇಡಲೇಬೇಕು. ಸೆನ್ಸರಿಗೆ 22ರ ಪಾನಾ ಬೇಕು. ಅದರ ವೈರ್ ಪೈಪಿಗೆ ತಾಗದಂತೆ ಕಟ್ಟಿ. ನಟ್‌ಗಳನ್ನು ನಡುವಿನಿಂದ ಹೊರಕ್ಕೆ ಬಿಗಿಯುತ್ತಾ ಹೋಗಿ. ನಾನು 23 ನ್ಯೂಟನ್ ಮೀಟರ್ ಇಟ್ಟೆ. 100 ಕಿ.ಮೀ. ಓಡಿದ ಮೇಲೆ ತಣ್ಣಗಿರುವಾಗ ಇನ್ನೊಮ್ಮೆ ಬಿಗಿಯಿರಿ.

ಕಾರವಾರ, ಕುಂದಾಪುರ ಕಡೆ ಇರುವವರಾದರೆ ನನ್ನ ಆಯ್ಕೆ ನಿಮಗೆ ಹೊಂದದು. ಉಪ್ಪುಗಾಳಿಗೆ, ಆ ಮಳೆಗೆ ಎಂ.ಎಸ್. ಬಾಳುವುದಿಲ್ಲ. ಸ್ಟೀಲೇ ತಗೊಳ್ಳಿ, ಆದರೆ 10 ಮಿ.ಮೀ. ಪ್ಲೇಟಿನದು. ಕಾಕಾ ನನಗೂ ಅಂಥದ್ದಕ್ಕೆ 15,000 ಹೇಳಿದ್ದರು. ಅಟ್ಟದ ಮೇಲಿರುವುದು ಮಾರಿಹೋಗಿದ್ದರೆ ನಾನೂ ಅದನ್ನೇ ಮಾಡಿಸುತ್ತಿದ್ದೆನೇನೋ.