ಕನ್ನಡ ಮಹಾಪ್ರಬಂಧಕ್ಕೆ ಝೊಟೆರೊ: ಅರ್ಧ ಶಹಬ್ಬಾಸ್, ಅರ್ಧ ತಕರಾರು

ಓದಿದ ಪುಸ್ತಕ, ಲೇಖನಗಳ ವಿವರ ಕೂಡಿಟ್ಟುಕೊಂಡು, ಬರೆಯುವಾಗ ಆವರಣದೊಳಗಿನ ಉಲ್ಲೇಖವನ್ನೂ ಕೊನೆಯ ಗ್ರಂಥಸೂಚಿಯನ್ನೂ ತಾನೇ ಜೋಡಿಸಿಕೊಡುವ ತಂತ್ರಾಂಶ ಝೊಟೆರೊ. 2006ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನಲ್ಲಿ ಇಂಗ್ಲಿಷ್ ಎಂಎ, ಪಿಎಚ್‌ಡಿ ಮಾಡುವವರು ಎಂಎಲ್‌ಎ (ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್) ಕೈಪಿಡಿಯ ಒಂಬತ್ತನೇ ಆವೃತ್ತಿಯ (2021) ಉಲ್ಲೇಖ ಶೈಲಿ ಆಯ್ದುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ತಕರಾರು ಶುರುವಾಗುವುದು ಕನ್ನಡ ಆಕರಗಳು ಒಳಗೆ ಬಂದಾಗ.

ಮೊದಲು ಹೆಸರು. ಝೊಟೆರೊಗೆ ಕುಲನಾಮ, ಮೊದಲ ಹೆಸರು ಅಂತ ಎರಡು ಪೆಟ್ಟಿಗೆ ಬೇಕು, ನಮ್ಮಲ್ಲಿರುವುದು ಇನಿಷಿಯಲ್ಲು. ‘ಬೇಂದ್ರೆ’ ಮೊದಲ ಪೆಟ್ಟಿಗೆಗೆ, ‘ದ.ರಾ.’ ಎರಡನೆಯದಕ್ಕೆ. ಬಸವಣ್ಣ, ಕುವೆಂಪು ಥರದ ಒಂಟಿ ಹೆಸರಿಗೆ ಪಕ್ಕದ ಪುಟ್ಟ ಗುಂಡಿ ಒತ್ತಿ ಎರಡು ಪೆಟ್ಟಿಗೆಯನ್ನು ಒಂದು ಮಾಡಬೇಕು. ಹಳೆಯ ಪುಸ್ತಕದ ಮೇಲೆ ಕೆ.ವಿ. ಪುಟ್ಟಪ್ಪ, ಆಮೇಲಿನದರ ಮೇಲೆ ಕುವೆಂಪು ಎಂದಿದ್ದರೆ ಎರಡನ್ನೂ ಒಂದೇ ಹೆಸರಿನಡಿ ತನ್ನಿ. ಶೀರ್ಷಿಕೆ ಪುಟದಲ್ಲಿ ಎಷ್ಟೇ ದಪ್ಪಕ್ಷರದಲ್ಲಿದ್ದರೂ ‘ಡಾ.’, ‘ಪ್ರೊ.’ಗಳನ್ನು ಹೊರಗೇ ಬಿಡಿ.

ಇಲ್ಲೇ ಹೆಚ್ಚಿನವರು ಎಡವುವುದು: ಒಂದು ಕಡೆ ‘ದ.ರಾ.’, ಇನ್ನೊಂದು ಕಡೆ ನಡುವೆ ಜಾಗ ಬಿಟ್ಟು ‘ದ. ರಾ.’ ಎಂದು ಟೈಪಿಸಿದರೆ ಝೊಟೆರೊ ಪಾಲಿಗೆ ಅವರು ಇಬ್ಬರು ಬೇಂದ್ರೆ. ಗೊಂದಲ ಬೇಡವೆಂದು ಅದು ಪ್ರಬಂಧದ ತುಂಬ (ಬೇಂದ್ರೆ 45) ಇರಬೇಕಾದಲ್ಲಿ (ದ.ರಾ. ಬೇಂದ್ರೆ 45) ಎಂದು ಹಾಕುತ್ತ ಹೋಗುತ್ತದೆ. ಉಲ್ಲೇಖದಲ್ಲಿ ಇದ್ದಕ್ಕಿದ್ದಂತೆ ಇನಿಷಿಯಲ್ ಕಾಣಿಸಿಕೊಂಡರೆ ಶೈಲಿಯನ್ನು ಬೈಯಬೇಡಿ, ಲೈಬ್ರರಿಯಲ್ಲಿ ಆ ಹೆಸರನ್ನು ಹುಡುಕಿ. ಕಣ್ಣಿಗೆ ಬೀಳದ ಇನ್ನೊಂದು ಖದೀಮ ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ೦ ಕೂತಿದ್ದರೆ ನೋಡಲು ‘ಅನಂತ’ನೇ, ಆದರೆ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲೂ ಎಲ್ಲೋ ಹೋಗಿ ಕೂರುತ್ತದೆ.

ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್ ಕೊಟ್ಟರೆ ವಿವರ ತಾನೇ ತುಂಬಿಕೊಳ್ಳುವ ಸೌಲಭ್ಯಕ್ಕೆ ಕನ್ನಡದಲ್ಲಿ ಹತ್ತಕ್ಕೆ ಮೂರು ಅಂಕ. ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಐವತ್ತರ ದಶಕದ ಪುಸ್ತಕಕ್ಕೆ ಆ ಸಂಖ್ಯೆಯೇ ಇರುವುದಿಲ್ಲ. ಹೊಸ ಪುಸ್ತಕದ್ದು ಸಿಕ್ಕರೂ ಎಷ್ಟೋ ಸಲ ವಿದೇಶಿ ಗ್ರಂಥಾಲಯದ ದಾಖಲೆಯಿಂದ, ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೆ ಕೆಳಗೆ ಗೆರೆ ಚುಕ್ಕೆಗಳೊಂದಿಗೆ ಬರುತ್ತದೆ. ಕೈಯಲ್ಲೇ ಟೈಪಿಸುವುದು ಲೇಸು. ಆಗ ‘ಆವೃತ್ತಿ’ಯ ಪೆಟ್ಟಿಗೆಗೆ ‘ಏಳನೆಯ ಮುದ್ರಣ’ ತುಂಬಬೇಡಿ. ಮುದ್ರಣ ಬೇರೆ, ಪರಿಷ್ಕೃತ ಆವೃತ್ತಿ ಬೇರೆ; ಪಠ್ಯ ತಿದ್ದಿದ್ದರೆ ಮಾತ್ರ ಅಲ್ಲಿ ನಮೂದಿಸಿ. ಅಭಿನಂದನ ಗ್ರಂಥದ ಲೇಖನವನ್ನು ‘ಬುಕ್’ ಎಂದಲ್ಲ, ‘ಬುಕ್ ಸೆಕ್ಷನ್’ ಎಂದು ಸೇರಿಸಿ. ಇಲ್ಲದಿದ್ದರೆ ಲೇಖನದ ಹೆಸರಿಗೂ ಗ್ರಂಥದ ಹೆಸರಿಗೂ ಬೇರೆ ಬೇರೆ ಜಾಗವೇ ಇರುವುದಿಲ್ಲ. ಇಂಗ್ಲಿಷ್ ಪ್ರಬಂಧದಲ್ಲಿ ಕನ್ನಡ ಶೀರ್ಷಿಕೆಯನ್ನು ರೋಮನ್‌ನಲ್ಲಿ ಕೊಡುವವರು ಭಾಷೆಯ ಪೆಟ್ಟಿಗೆಯಲ್ಲಿ ಕನ್ನಡದ ಸಂಕೇತ ‘ಕೆಎನ್’ ಎಂದು ರೋಮನ್ ಅಕ್ಷರದಲ್ಲೇ ನಮೂದಿಸಬೇಕು. ಖಾಲಿ ಬಿಟ್ಟರೆ ಇಂಗ್ಲಿಷ್ ಎಂದುಕೊಂಡು ಪದಪದಕ್ಕೂ ದೊಡ್ಡಕ್ಷರ ಹಾಕಿಬಿಡುತ್ತದೆ.

ಹಳಗನ್ನಡ, ನಡುಗನ್ನಡ ಕಾವ್ಯಕ್ಕೆ ಪುಟಸಂಖ್ಯೆ ಕೊಟ್ಟು ಉಪಯೋಗವಿಲ್ಲ, ಪ್ರಕಟಣೆಯಿಂದ ಪ್ರಕಟಣೆಗೆ ಪುಟ ಬದಲು. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಚಂಪೂ ಕಾವ್ಯಕ್ಕೆ ಆಶ್ವಾಸ, ಪದ್ಯ. ಝೊಟೆರೊದಲ್ಲಿ ಉಲ್ಲೇಖದ ಗುಳ್ಳೆಯನ್ನು ಒತ್ತಿ, ಪುಟದ ಪೆಟ್ಟಿಗೆ ಖಾಲಿ ಬಿಟ್ಟು, ‘ಸಫಿಕ್ಸ್’ ಜಾಗದಲ್ಲಿ ಒಂದು ಸ್ಪೇಸ್ ಕೊಟ್ಟು 3.8.12 ಎಂದು ಬರೆದರೆ ಇದ್ದಂತೆಯೇ ಅಚ್ಚಾಗುತ್ತದೆ. ವಚನಕ್ಕೂ ಇದೇ ದಾರಿ. ಅಲ್ಲಿ ಸಂಖ್ಯೆಯ ಜೊತೆಗೆ ಯಾವ ಸಂಪಾದನೆ ಎಂಬುದೂ ಬೇಕು, ಒಂದೇ ವಚನಕ್ಕೆ ಒಂದೊಂದು ಸಂಪುಟದಲ್ಲಿ ಒಂದೊಂದು ಸಂಖ್ಯೆ ಇರುತ್ತದೆ.

ಕನ್ನಡ ವಿಭಾಗದವರು ಶೈಲಿಯ ಕಡತವನ್ನೇ ತಿದ್ದಬೇಕಾಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಎಂಎಲ್‌ಎ ಅಥವಾ ಶಿಕಾಗೋ ಶೈಲಿಯ ಪ್ರತಿ ಮಾಡಿಕೊಳ್ಳಿ. ಮೊದಲು ಅದರ ಶೀರ್ಷಿಕೆಯನ್ನೂ ಐಡಿಯನ್ನೂ ಬದಲಿಸಿ, ಇಲ್ಲವಾದರೆ ಮುಂದಿನ ಅಪ್‌ಡೇಟ್ ನಿಮ್ಮ ತಿದ್ದುಪಡಿಯನ್ನೆಲ್ಲ ಒರೆಸಿಹಾಕುತ್ತದೆ. ಬಳಿಕ ಲೋಕೇಲ್ (ಆಯಾ ಭಾಷೆಯ ಪದಗಳಿರುವ) ಭಾಗದಲ್ಲಿ ‘ಆ್ಯಂಡ್’ಗೆ ಮತ್ತು, ‘ಎಟ್ ಆಲ್’ಗೆ ಮತ್ತಿತರರು, ‘ಎಡಿಟರ್’ಗೆ ಸಂ., ‘ಪೇಜ್’ಗೆ ಪು., ‘ಇಬಿಡ್’ಗೆ ‘ಅದೇ’ ಎಂದು ಹಾಕಿ. ಪುಸ್ತಕದ ಹೆಸರಿನ ಇಟಾಲಿಕ್ ತೆಗೆದುಹಾಕಿ. ಕನ್ನಡ ಫಾಂಟುಗಳಲ್ಲಿ ಬಹುಪಾಲಿಗೆ ಓರೆ ಅಕ್ಷರವೇ ಇಲ್ಲ, ವರ್ಡ್ ಅಕ್ಷರವನ್ನು ಬಲವಂತವಾಗಿ ವಾಲಿಸಿದರೆ ಒತ್ತಕ್ಷರಗಳ ಅಂದಗೆಡುತ್ತದೆ. ದಪ್ಪಕ್ಷರವೋ ಒಂಟಿ ಉದ್ಧರಣ ಚಿಹ್ನೆಯೋ ಸಾಕು.

ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು ಎಂದು ಎರಡು ಪಟ್ಟಿ ಕೇಳುವುದು ನಮ್ಮ ರೂಢಿ. ಝೊಟೆರೊ ಕೊಡುವುದು ಒಂದೇ ಪಟ್ಟಿ. ರೋಮನ್ ಲಿಪಿಯವು ಮೊದಲು, ಕನ್ನಡದವು ನಂತರ ಬರುವುದರಿಂದ ಕೊನೆಯಲ್ಲಿ ಕತ್ತರಿಸಿ ಅಂಟಿಸುವುದು ಕಷ್ಟವಲ್ಲ. ಆದರೂ 2006ರ ತಂತ್ರಾಂಶಕ್ಕೆ ಇಷ್ಟು ಹೊತ್ತಿಗೆ ಇದು ಬರಬೇಕಿತ್ತು.

ಝೊಟೆರೊ ಸರ್ವರ್‌ನಲ್ಲಿ ಕಡತಗಳ ಸಂಗ್ರಹಕ್ಕೆ ಪುಕ್ಕಟೆ ಸಿಗುವುದು 300 ಎಂಬಿ. ಒಂದೊಂದು ಸ್ಕ್ಯಾನ್ ಪುಸ್ತಕವೇ 30-40 ಎಂಬಿ ಇರುವಾಗ ಎಂಟು ಹತ್ತಕ್ಕೆ ಭರ್ತಿ. ಸೆಟ್ಟಿಂಗ್ಸ್‌ನಲ್ಲಿ ಫೈಲ್ ಸಿಂಕ್ ಒಂದನ್ನು ಮಾತ್ರ ಆಫ್ ಮಾಡಿ. ವಿವರ, ಟಿಪ್ಪಣಿಗಳ ಸಿಂಕ್‌ಗೆ ಆ ಮಿತಿಯಿಲ್ಲ.

ಕಡೆಗೆ ಡಿಟಿಪಿ. ಪ್ರಬಂಧವನ್ನು ಹಳೆಯ ‘ನುಡಿ’ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿಸುತ್ತಿದ್ದರೆ ಝೊಟೆರೊ ಸಹವಾಸವೇ ಬೇಡ. ಇದು ಬರೆಯುವುದು ಯೂನಿಕೋಡ್, ಎರಡಕ್ಕೂ ಕೂಡಿಬರುವುದಿಲ್ಲ. ಯೂನಿಕೋಡ್‌ನಲ್ಲಿದ್ದರೂ, ಉಲ್ಲೇಖಗಳು ವರ್ಡ್‌ನೊಳಗೆ ಇರುವುದು ಫೀಲ್ಡ್ ಕೋಡ್ ರೂಪದಲ್ಲಿ, ಅಂದರೆ ಝೊಟೆರೊ ಜೊತೆ ಕೊಂಡಿ ಉಳಿಸಿಕೊಂಡ ಅಡಗಿದ ಸಂಕೇತವಾಗಿ. ಪುಟವಿನ್ಯಾಸದ ತಂತ್ರಾಂಶಕ್ಕೆ ಸಾಗಿಸಿದ ಕ್ಷಣ ಆ ಕೊಂಡಿ ಕಳಚಿ ಬರೀ ಅಕ್ಷರ. ಗೈಡ್ ಹೇಳಿದ ಕೊನೆಯ ತಿದ್ದುಪಡಿಯನ್ನೂ ಮುಗಿಸಿ, ಮೂಲ ಕಡತವನ್ನು ಎತ್ತಿಟ್ಟು, ಪ್ರತಿಯಲ್ಲಿ ‘ಅನ್‌ಲಿಂಕ್ ಸೈಟೇಶನ್ಸ್’ ಒತ್ತಿ, ಆ ಪ್ರತಿಯನ್ನಷ್ಟೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅಂಗಡಿಗೆ ಹೋಗಿ.